ಸ್ವಲ್ಪ ವಿಷ, ಅಷ್ಟೇ

ಬ್ಯಾಂಕಾಕಿನಿಂದ ಬಂದವರ ಸೂಟ್‌ಕೇಸಿನಲ್ಲಿ ಹಾವು ಸಿಗುವುದು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೊಸದಲ್ಲ. 2024ರ ಏಪ್ರಿಲ್‌ನಲ್ಲಿ ಹಳದಿ ಅನಕೊಂಡಗಳೇ ಹತ್ತು ಸಿಕ್ಕಿದ್ದವು. ಊರಿಂದ ಚಕ್ಕುಲಿ ಡಬ್ಬ ತರುತ್ತೇವಲ್ಲ, ಹಾಗೆ. ಈಗ ನನ್ನ ಫೋನಿನ ರೀಲ್ಸ್ ತುಂಬ ಇನ್ನೊಂದು ಜಾತಿ: ಅಮೆರಿಕದ ಹಾಗ್‌ನೋಸ್. ಹಂದಿಮೂತಿ, ಮುದ್ದು ಮುಖ. ವಿಷ ಇದೆಯಾ ಅಂದರೆ ಸಾಕಿದವರ ಉತ್ತರ ಒಂದೇ: "ಇದೆ, ಸ್ವಲ್ಪ."

ಈ 'ಸ್ವಲ್ಪ' ನನಗೆ ಗೊತ್ತು. ನಮ್ಮ ಮಾವನ ಶುಗರ್ ಇಪ್ಪತ್ತು ವರ್ಷದಿಂದ ಬಾರ್ಡರಿನಲ್ಲೇ ಇದೆ. ಹಾಗಂತ ಹೇಳುತ್ತಲೇ ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ.

ಹಾಗ್‌ನೋಸ್ ಮೇಲೆ ಸುಳ್ಳು ಹೊರಿಸಬಾರದು. ಅದರ ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿದೆ. ಸುಮ್ನೆ ಕಚ್ಚಿದರೆ ತಾಗುವುದೇ ಕಷ್ಟ, ಎಲೆ ಅಡಿಕೆ ಹಾಗೆ ಜಗಿಯಬೇಕು. ಜಗಿದರೂ ಸಾಮಾನ್ಯವಾಗಿ ಕೈ ಊದಿಕೊಳ್ಳುತ್ತದೆ, ಅಷ್ಟೇ. ಪುಕ್ಕಲು ಪ್ರಾಣಿ ಅದು. ಮೊದಲು ಬುಸುಗುಟ್ಟುತ್ತದೆ. ನೀವು ಹೆದರದಿದ್ದರೆ ಅಂಗಾತ ಬಿದ್ದು, ಬಾಯಿ ತೆರೆದು, ನಾಲಗೆ ಇಳಿಬಿಟ್ಟು ಸತ್ತೇಹೋಗುತ್ತದೆ. ಸರಿಯಾಗಿ ಮಗುಚಿಟ್ಟರೆ ಮತ್ತೆ ಹೊರಳಿ ಅಂಗಾತ! ಸತ್ತಿದ್ದೀನಿ ಅಂದ್ನಲ್ಲ, ಗೊತ್ತಾಗಲ್ವಾ? ಸಾಲ ವಸೂಲಿಯವರು ಬಂದಾಗ ನಮಗೂ ಈ ವಿದ್ಯೆ ಬಂದಿದ್ದರೆ.

ಆದರೆ ಆಫ್ರಿಕದ ಬೂಮ್‌ಸ್ಲಾಂಗ್ ಹಾವಿಗೂ ಹಲ್ಲು ಹಿಂದೆಯೇ. 1957ರಲ್ಲಿ ಷಿಕಾಗೋದ ಕಾರ್ಲ್ ಷ್ಮಿಟ್ ಅವರಿಗೆ ಅದರ ಮರಿ ಕಚ್ಚಿತು. ಜೀವಮಾನವೆಲ್ಲ ಹಾವು ಓದಿದವರು. ಮರಿ ತಾನೇ, ನಾಟಿದ್ದು ಒಂದೇ ಹಲ್ಲು, ಏನಾಗಲ್ಲ ಅಂದುಕೊಂಡರು. ಮೈಗೆ ಏನೇನಾಗುತ್ತಿದೆ ಅಂತ ಹೊತ್ತು ಹಾಕಿ ಬರೆದಿಟ್ಟರು. ಮರುದಿನ ಮಧ್ಯಾಹ್ನ ತೀರಿಹೋದರು. ಅಂಥವರ ಅಂದಾಜೇ ತಪ್ಪಿತು. ನಮ್ಮ ರೀಲ್ಸ್ ಹುಡುಗನ ಅಂದಾಜು ಮಾತ್ರ ಪಕ್ಕಾ. ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ. ಸೂಟ್‌ಕೇಸಿನಲ್ಲಿ ಬಂದವಕ್ಕಲ್ಲ.

ಇತ್ತ ಹಿತ್ತಲ ಸೀಬೆಗಿಡದಲ್ಲಿ ಹಸಿರು ಹಾವು. ಅದಕ್ಕೂ ಹಿಂದಿನ ಹಲ್ಲು, ಅದಕ್ಕೂ ಸ್ವಲ್ಪವೇ ವಿಷ. ಕಣ್ಣಿಗೇ ಕುಕ್ಕುತ್ತೆ ಅಂತ ಬಡಿದು ಹಾಕುತ್ತೇವೆ. ವೀಸಾ ಇಲ್ಲದೆ ಬಂದದ್ದಕ್ಕೆ ಗಾಜಿನ ಮನೆ, ಹೀಟರು. ಇಲ್ಲೇ ಹುಟ್ಟಿದ್ದಕ್ಕೆ ದೊಣ್ಣೆ.

ತಮಾಷೆ ಸಾಕು. ಈ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಅಂತ ಲೆಕ್ಕ. ಜಾಸ್ತಿ ಜನ ಹಳ್ಳಿಯವರು. ರಾತ್ರಿ ತ್ರೀ ಫೇಸ್ ಬಂತು ಅಂತ ಎದ್ದು, ಬರಿಗಾಲಲ್ಲಿ ಪಂಪ್‌ಸೆಟ್ ಹಾಕಲು ಹೋಗುವಂಥವರು. ಅವರಿಗೆ ಹಗಲು ಹೊತ್ತು ಕರೆಂಟ್ ಕೊಡ್ರಪ್ಪಾ ಅಂದರೆ ಆ ಮಾತು ಯಾರ ಫೋನಿನಲ್ಲೂ ಓಡಲ್ಲ.