ಆತೇನ್ರೀ?

ನಿನ್ನೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂರು ತಾಸು ಕೂತಿದ್ದೆ. ಕೆಲಸ ಹತ್ತು ನಿಮಿಷದ್ದು. ಕುಲುಮೆಯನ್ನು ತಣ್ಣಗಿಡಲು ಹರಿಸುವ ನೀರು ಎಷ್ಟು ಬಿಸಿ ಇದೆ ಅಂತ ತೋರಿಸುವ ಸಿ ಭಾಷೆಯ ಪುಟ್ಟ ಪ್ರೋಗ್ರಾಂ. ಟಿಳಕವಾಡಿಯ ಮನೆಯಲ್ಲಿ ಕೂತು ಕ್ರಾಸ್ ಕಂಪೈಲ್ ಮಾಡಿ, ಅಂದರೆ ಬೇರೆ ಥರದ ಪ್ರೊಸೆಸರಿಗೆ ತಿಳಿಯುವ ಹಾಗೆ ಇಲ್ಲೇ ತಯಾರಿಸಿ, ತಂದಿದ್ದೆ. ನನ್ನ ಲ್ಯಾಪ್‌ಟಾಪ್ ಇಂಟೆಲ್ ಪ್ರೊಸೆಸರಿನದು, ಅಲ್ಲಿನ ಬೋರ್ಡು, ಅಂದರೆ ಪುಟ್ಟ ಕಂಪ್ಯೂಟರು, ಆರ್ಮ್ ಪ್ರೊಸೆಸರಿನದು. ಒಂದರ ಮಾತು ಇನ್ನೊಂದಕ್ಕೆ ತಿಳಿಯೋದಿಲ್ಲ. ಶಹಾಪುರದ ಸಂತೆಯಲ್ಲಿ ನಾನು ಕನ್ನಡದಲ್ಲಿ ಕೇಳ್ತೀನಿ, ಅವರು ಮರಾಠಿಯಲ್ಲಿ ರೇಟು ಹೇಳ್ತಾರೆ, ಉಳ್ಳಾಗಡ್ಡಿ ಸರಿಯಾಗಿ ಚೀಲಕ್ಕೆ ಬೀಳುತ್ತದೆ. ಪ್ರೊಸೆಸರುಗಳಿಗೆ ಇಷ್ಟು ಸಂಸ್ಕಾರ ಇಲ್ಲ.

ಓಡಿಸಿದೆ. 'ಅಂಥ ಫೈಲೇ ಇಲ್ಲ' ಅಂದಿತು ಬೋರ್ಡು. ಪಟ್ಟಿ ತೆಗೆದರೆ ಫೈಲು ಅಲ್ಲೇ ಇದೆ!

"ಆತೇನ್ರೀ?" ಹಿಂದಿನಿಂದ ಮಾಲೀಕರ ದನಿ.

ಈ ಮನುಷ್ಯನಿಗೆ ಬೇರೆ ಪ್ರಶ್ನೆಯೇ ಬರೋದಿಲ್ಲ. ಚಹಾ ಕೊಡುವಾಗ "ಆತೇನ್ರೀ?" ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದವರು ನಡುವೆ ನಿಲ್ಲಿಸಿ, ನನ್ನ ಕಡೆ ತಿರುಗಿ "ಆತೇನ್ರೀ?", ಆಮೇಲೆ ಬೈಗುಳ ಬಿಟ್ಟಲ್ಲಿಂದ ಶುರು. ತಾವು ಊಟಕ್ಕೆ ಹೋದಾಗ ಒಬ್ಬ ಹುಡುಗನನ್ನು ಕೂರಿಸಿ ಹೋದರು. ಅವನು ಏನೂ ಕೇಳಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹುಬ್ಬು ಏರಿಸುತ್ತಿದ್ದ.

ಇಲ್ಲದ್ದು ನನ್ನ ಫೈಲಲ್ಲ, ಅದನ್ನು ಎತ್ತಿಕೊಂಡು ಓಡಿಸಬೇಕಾದ ಲೋಡರ್ ಅನ್ನೋ ಪ್ರೋಗ್ರಾಂ. ನಾನು ಬಳಸಿದ ಕಂಪೈಲರಿನ ಹೆಸರಲ್ಲಿ 'ಎಚ್ಎಫ್' ಅನ್ನೋ ಎರಡಕ್ಷರ ಜಾಸ್ತಿ ಇತ್ತು, ಅಷ್ಟೇ; ಅದಕ್ಕೇ ಈ ಬೋರ್ಡಿನಲ್ಲಿಲ್ಲದ ಲೋಡರನ್ನು ಕೇಳುತ್ತಿತ್ತು. ಅದನ್ನು ಬದಲಿಸಿದರೆ ಬೋರ್ಡಿನ ಜಿಲಿಬ್‌ಸಿ (ಸಿ ಪ್ರೋಗ್ರಾಂಗಳಿಗೆ ಬೇಕಾದ ಸಿದ್ಧ ಕೋಡಿನ ಲೈಬ್ರರಿ) ಹಳೇದು ಅಂತ ಹೊಸ ತಕರಾರು. ಕೊನೆಗೆ ಸ್ಟ್ಯಾಟಿಕ್ ಮಾಡಿದೆ. ಅಂದರೆ ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಯನ್ನೆಲ್ಲ ತಾನೇ ಬುತ್ತಿ ಕಟ್ಟಿಕೊಂಡು ಬರುವುದು. ಗಂಟು ದೊಡ್ಡದಾಯಿತು, ಆದರೆ ಓಡಿತು.

ಓಡಿ, ನೀರು 255 ಡಿಗ್ರಿ ಅಂದಿತು.

"ಕುಲುಮೆ ಆರಿಸಿ ಎರಡ ದಿನಾ ಆತ್ರೀ. ಇಷ್ಟ ಬಿಸಿ ಆಗಿದ್ರ ನೀರು ಉಗಿ ಆಗಿ ಖಾನಾಪುರ ಮುಟ್ಟಿರಬೇಕಲ್ಲ?"

ಸೆನ್ಸರೇ ಜೋಡಿಸಿರಲಿಲ್ಲ. ಆಗ -1 ಬರಲಿ ಅಂತ ಒಂದು ಚಾರ್‌ನಲ್ಲಿ, ಅಂದರೆ ಒಂದೇ ಬೈಟಿನ ಪುಟ್ಟ ಡಬ್ಬಿಯಲ್ಲಿ, ಇಟ್ಟಿದ್ದೆ. ಇಂಟೆಲ್ ಲಿನಕ್ಸಿನಲ್ಲಿ ಚಾರ್ ಮೈನಸ್ಸನ್ನೂ ಹಿಡಿಯುತ್ತದೆ. ಆರ್ಮ್ ಲಿನಕ್ಸಿನಲ್ಲಿ ನಾವು ಬಾಯಿಬಿಟ್ಟು 'ಸೈನ್ಡ್' (ಮೈನಸ್ಸೂ ಬರಬಹುದು) ಅನ್ನದಿದ್ದರೆ 0ಯಿಂದ 255, ಅಷ್ಟೇ. -1 ಹೋಗಿ 255 ಆಯಿತು. ಮನೆಯಲ್ಲಿ ನೂರು ಸಲ ಓಡಿಸಿ ನೋಡಿದ್ದೆ, ಸುಮ್ನೆ!

ಕಾಲೇಜಿನ ಲ್ಯಾಬ್ ನೆನಪಾಯಿತು. ಟರ್ಬೊ ಸಿ ಯ ನೀಲಿ ಪರದೆ, ಕಂಟ್ರೋಲ್ ಎಫ್9 ಒತ್ತಿದರೆ ಓಡುತ್ತಿತ್ತು. ಬರೆದದ್ದೂ ಅಲ್ಲೇ, ಓಡಿದ್ದೂ ಅಲ್ಲೇ. ಹೊರಗೆ ಬೆಳಗಾವಿಯ ಜಿಟಿಜಿಟಿ ಮಳೆ, ಒಂದೇ ಕಂಪ್ಯೂಟರಿಗೆ ನಾವು ಮೂವರು. ಯಾರಿಗೂ ಅವಸರ ಇರಲಿಲ್ಲ.

'ಸೈನ್ಡ್' ಅನ್ನೋ ಒಂದು ಪದ ಸೇರಿಸಿದೆ. 'ಸೆನ್ಸರ್ ಇಲ್ಲ' ಅಂತ ಬಂತು. ಮಾಲೀಕರು ಖುಷಿಯಾಗಿ ಕಾಲು ಕೆಜಿ ಕುಂದಾ ಕೊಟ್ಟು ಕಳಿಸಿದರು.

ಇವತ್ತು ಬೆಳಿಗ್ಗೆ ಅದನ್ನೇ ತಿನ್ನುತ್ತಿದ್ದೆ. ಫೋನು ಬಂತು.

"ಅದ ಫೈಲ್ ಪೆನ್‌ಡ್ರೈವಿನಾಗ ಹಾಕ್ಕೊಂಡು ಆಫೀಸಿನ ಕಂಪ್ಯೂಟರಿಗೆ ಹಚ್ಚೇನ್ರೀ. ವಿಂಡೋಸ್ ಐತಿ. ಡಬಲ್ ಕ್ಲಿಕ್ ಮಾಡಿ ಮಾಡಿ ಬೆರಳು ನೋಯಾಕತ್ತಾವು, ಏನೂ ಆಗವಲ್ದು."

ಕುಂದಾ ಇನ್ನೂ ಬಾಯಲ್ಲೇ ಇತ್ತು.