ನಾಲ್ಕು ಕಾರ್ಡು, ಒಂದು ತಲೆನೋವು

ಪರ್ಸಿನಲ್ಲಿ ಈಗ ನಾಲ್ಕು ಕ್ರೆಡಿಟ್ ಕಾರ್ಡು. ದಿನಸಿಗೆ ಒಂದು, ಪೆಟ್ರೋಲಿಗೆ ಒಂದು, ಆನ್‌ಲೈನ್ ಖರೀದಿಗೆ ಇನ್ನೊಂದು, ಮಿಕ್ಕಿದ್ದಕ್ಕೆಲ್ಲ ಮತ್ತೊಂದು. ಮರೆತುಹೋಗಬಾರದು ಅಂತ ಒಂದೊಂದರ ಬೆನ್ನಿಗೂ ಚೀಟಿ ಅಂಟಿಸಿದ್ದೇನೆ. ಬಿಲ್ ಕೌಂಟರಿನಲ್ಲಿ ಚೀಟಿ ಓದುತ್ತ ನಿಂತರೆ ಹಿಂದಿನವರು ಗೊಣಗುತ್ತಾರೆ. ಗೊಣಗದೆ ಇನ್ನೇನು ಮಾಡ್ತಾರೆ ಪಾಪ!

ಇಷ್ಟೆಲ್ಲ ಮಾಡಿ 5% ಕ್ಯಾಶ್‌ಬ್ಯಾಕ್ ಅಂದುಕೊಂಡರೆ, ಆ ಕ್ಯಾಶ್‌ಬ್ಯಾಕಿನ ತಿಂಗಳ ಮಿತಿ ಹತ್ತನೇ ತಾರೀಖಿಗೇ ಮುಗಿದಿರುತ್ತದೆ. ಆಮೇಲೆ ಬರೀ 1%. ಅಂಗಡಿಯ ಮರ್ಚೆಂಟ್ ಕೋಡ್ (ಅದು ಯಾವ ಬಗೆಯ ಅಂಗಡಿ ಅಂತ ಬ್ಯಾಂಕಿಗೆ ತಿಳಿಸುವ ಸಂಖ್ಯೆ) 'ದಿನಸಿ' ಅಂತ ಇಲ್ಲದಿದ್ದರೆ ಮೊದಲ ದಿನದಿಂದಲೇ ಅಷ್ಟೇ. ಒಳಗೆ ಮಾರುವುದು ಬೇಳೆಯೇ ಆಗಿರಲಿ, ಕೋಡ್ ಹೇಳಿದ್ದೇ ಮಾತು!

ಕಳೆದ ತಿಂಗಳು ಒಂದು ಕಾರ್ಡಿನ ಬಿಲ್ ಕಟ್ಟುವ ಕೊನೆ ದಿನ ಮರೆತೆ. ಲೇಟ್ ಫೀ, ಜೊತೆಗೆ ಬಡ್ಡಿ. ಆರು ತಿಂಗಳು ಕೂಡಿಸಿದ್ದ ಕ್ಯಾಶ್‌ಬ್ಯಾಕ್ ಒಂದೇ ಏಟಿಗೆ ಹೋಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ.