47ನೇ ಪುಟದ ಸಹಿ

ಹಿಂದಿನ ವಾರ ಬೆಳಿಗ್ಗೆ ಕಲಬುರಗಿಯ ನಮ್ಮ ಮನೆಯ ಗೇಟಿನ ಮುಂದೆ ಹಿರಿಯರೊಬ್ಬರು ಬಂದು ನಿಂತಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಕಾಗದ. ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಲೋಕೋಪಯೋಗಿ ಕೆಲಸಗಳ ಮೇಲಿದ್ದಾಗ ಯಾದಗಿರಿ ಜಿಲ್ಲೆಯ ರಾಜ್ಯ ಹೆದ್ದಾರಿಯೊಂದರ 9 ಕಿಲೋಮೀಟರ್ ಅಗಲೀಕರಣ ಮಾಡಿದ ಗುತ್ತೇದಾರರು. (ನಮ್ಮ ಕಡೆ ಗುತ್ತೇದಾರ ಎಂಬುದು ಅಡ್ಡಹೆಸರೂ ಹೌದು. ಇವರದು ಕಸುಬು ಮಾತ್ರ.) ಚಹಾ ಮುಗಿಯುವವರೆಗೆ ಮಳೆ, ತೊಗರಿ, ಮೊಮ್ಮಕ್ಕಳ ಮಾತು. ಆಮೇಲೆ ಲೋಟ ಕೆಳಗಿಟ್ಟು, "ಸಾಹೇಬರೇ, ಆ ರಸ್ತೆಯ ಫೈನಲ್ ಬಿಲ್ ಇನ್ನೂ ಆಗಿಲ್ಲ" ಎಂದರು.

ಆ ರಸ್ತೆಯ ಕೆಲಸ ಮುಗಿದದ್ದು 2017ರಲ್ಲಿ. ಅದರ ಮೇಲೆ ಇಷ್ಟು ವರ್ಷ ಬಸ್ಸು ಓಡಿವೆ, ಕಬ್ಬಿನ ಟ್ರ್ಯಾಕ್ಟರ್ ಓಡಿವೆ. ನಡುವೆ ಬೇರೊಂದು ಟೆಂಡರಿನಲ್ಲಿ ಬೇರೊಬ್ಬರು ಬಂದು ಅದರ ಮೇಲೆಯೇ ಹೊಸ ಡಾಂಬರು ಹಾಕಿ, ತಮ್ಮ ಹಣ ಪಡೆದುಕೊಂಡೂ ಹೋಗಿದ್ದಾರೆ. ಮೊದಲು ಮಾಡಿದವರ ಲೆಕ್ಕ ಮಾತ್ರ ಹಾಗೆಯೇ ಇದೆ.

ಅವರು ಚೀಲದಿಂದ ತೆಗೆದ ಪತ್ರವನ್ನು ಓದಿದೆ. ಆಕ್ಷೇಪಣೆ ಒಂದೇ ಸಾಲಿನದು: ಅಳತೆ ಪುಸ್ತಕದ 47ನೇ ಪುಟದಲ್ಲಿ ಚೆಕ್ ಮೆಜರ್‌ಮೆಂಟ್ ಸಹಿ ಇಲ್ಲ. ಆ ಸಹಿ ಹಾಕಬೇಕಾಗಿದ್ದವನು ನಾನು. ಆಗಿನ ಎಇಇ, ಅಂದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ನಾನೇ.

ಅಂದಿನಿಂದ ಈ ವಿಷಯ ಬರೆಯಬೇಕು ಎಂದುಕೊಳ್ಳುತ್ತಲೇ ಇದ್ದೇನೆ. ಬೇರೆಯವರ ತಪ್ಪಾಗಿದ್ದರೆ ಅದೇ ದಿನ ಬರೆದುಬಿಡುತ್ತಿದ್ದೆನೋ ಏನೋ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ರಸ್ತೆ ಕೆಲಸದಲ್ಲಿ ಹಣ ಹೊರಡುವುದು ಎಂಬಿಯಿಂದ, ಅಂದರೆ ಅಳತೆ ಪುಸ್ತಕದಿಂದ. ಪುಟಗಳಿಗೆ ಮೊದಲೇ ಸಂಖ್ಯೆ ಬಿದ್ದಿರುತ್ತದೆ, ಹಾಳೆ ಹರಿಯುವಂತಿಲ್ಲ, ಬರೆದದ್ದನ್ನು ಅಳಿಸುವಂತಿಲ್ಲ; ತಪ್ಪಾದರೆ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಮಾಡಬೇಕು. ಸಹಾಯಕ ಎಂಜಿನಿಯರ್ (ಎಇ) ಅಳತೆ ಬರೆಯುತ್ತಾರೆ, ಎಇಇ ಸ್ಥಳಕ್ಕೆ ಹೋಗಿ ಪರಿಶೀಲಿಸಿ ಸಹಿ ಮಾಡುತ್ತಾರೆ (ಇದೇ ಚೆಕ್ ಮೆಜರ್‌ಮೆಂಟ್), ಅಲ್ಲಿಂದ ಬಿಲ್ ವಿಭಾಗ ಕಚೇರಿಗೆ ಹೋಗುತ್ತದೆ. ಕೆಲಸ ನಡೆಯುವಾಗ ಕೊಡುವುದು ರನ್ನಿಂಗ್ ಬಿಲ್. ಎಲ್ಲ ಮುಗಿದ ಮೇಲೆ ಕೊನೆಯ ಲೆಕ್ಕ ಚುಕ್ತಾ ಮಾಡುವುದು ಫೈನಲ್ ಬಿಲ್. ಹಿಡಿದಿಟ್ಟ ಭದ್ರತಾ ಠೇವಣಿ, ಬ್ಯಾಂಕ್ ಗ್ಯಾರಂಟಿ, ಜಲ್ಲಿ, ಮುರುಮಿಗೆಂದು ಕಡಿತ ಮಾಡಿದ ರಾಯಲ್ಟಿಯ ಲೆಕ್ಕ ಎಲ್ಲವೂ ಆ ಬಿಲ್ಲಿನ ಬೆನ್ನಿಗೇ ನಿಂತಿರುತ್ತವೆ.

ಈಗ 47ನೇ ಪುಟದ ಕಥೆ. ನಮ್ಮ ಸೀಮೆಯದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ರಸ್ತೆ ಹಾಕಿದರೆ ಎರಡನೇ ಮಳೆಗಾಲಕ್ಕೆ ಅಲೆಯಂತೆ ಏಳುತ್ತದೆ. ಹಾಗಾಗಿ ಎರೆಯನ್ನು ಕಿತ್ತು ಹಾಕಿ ಮುರುಮು ತುಂಬಬೇಕು. ಅಂದಾಜು ಪಟ್ಟಿ ಮಾಡುವಾಗ ಅಲ್ಲೊಂದು ಇಲ್ಲೊಂದು ಗುಂಡಿ ತೋಡಿ ಆಳ ನೋಡಿರುತ್ತಾರೆ. ಕೆಲಸಕ್ಕೆ ಇಳಿದಾಗ ಎರಡು ಕಡೆ ಪಟ್ಟಿಯಲ್ಲಿದ್ದುದಕ್ಕಿಂತ ಬಹಳ ಆಳಕ್ಕೆ ಎರೆ ಸಿಕ್ಕಿತು. ಜೊತೆಗೆ ರೈತರ ಒತ್ತಾಯದಿಂದ ಒಂದು ಹ್ಯೂಮ್ ಪೈಪ್ ಮೋರಿಯೂ ಹೆಚ್ಚಾಯಿತು. ಆ ರೈತರ ಒತ್ತಾಯ ನ್ಯಾಯವಾದದ್ದೇ. ಮೋರಿ ಇಲ್ಲದಿದ್ದರೆ ಅವರ ಹೊಲದಲ್ಲಿ ನೀರು ನಿಲ್ಲುತ್ತಿತ್ತು.

ಗುತ್ತೇದಾರರು ಫೋನ್ ಮಾಡಿ ಕೇಳಿದರು. ನಾನು, "ಮಾಡಿರಿ, ಆಮೇಲೆ ವರ್ಕ್ ಸ್ಲಿಪ್ಪಿನಲ್ಲಿ ಹಾಕೋಣ" ಎಂದೆ. ವರ್ಕ್ ಸ್ಲಿಪ್ ಎಂದರೆ ಅಂದಾಜು ಪಟ್ಟಿಗಿಂತ ಹೆಚ್ಚಾದ ಕೆಲಸಕ್ಕೆ ಒಪ್ಪಿಗೆ ಪಡೆಯುವ ಕಾಗದ. ಇಲಾಖೆಯಲ್ಲಿ ಈ 'ಆಮೇಲೆ' ಎಂಬ ಪದ ಎಷ್ಟು ಬಿಲ್ಲುಗಳನ್ನು ನುಂಗಿದೆಯೋ ಲೆಕ್ಕವಿಲ್ಲ. ಎಇ ಅಳತೆ ಬರೆದರು. ನಾನು ಸ್ಥಳಕ್ಕೆ ಹೋಗಿ ನೋಡಿದ್ದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದಿನ ಪುಸ್ತಕ ವಿಭಾಗ ಕಚೇರಿಯಲ್ಲಿತ್ತು. ಬಂದ ಮೇಲೆ ಮಾಡೋಣ ಎಂದುಕೊಂಡೆ. ಆ ಬಿಲ್ಲು, ಈ ಸಭೆ, ಮಾರ್ಚ್ ತಿಂಗಳ ಗದ್ದಲ. 2018ರಲ್ಲಿ ನನಗೆ ವರ್ಗವಾಯಿತು. ಎಇಗೂ ಆಯಿತು. ನಮ್ಮ ಜಾಗಕ್ಕೆ ಬಂದವರು ಪ್ರಭಾರದವರು, ಇನ್ನೊಂದು ತಾಲೂಕಿನ ಹೊಣೆಯೂ ಅವರ ತಲೆಯ ಮೇಲಿತ್ತು. ನೆಲದೊಳಗೆ ಹೋದ ಕೆಲಸಕ್ಕೆ, ತಾವು ಕಣ್ಣಿನಿಂದ ನೋಡದ ಆಳಕ್ಕೆ ಅವರೇಕೆ ಸಹಿ ಮಾಡುತ್ತಾರೆ? ನಾನಾಗಿದ್ದರೂ ಮಾಡುತ್ತಿರಲಿಲ್ಲ.

ಆ ಪುಟದ ಮೊತ್ತ 6 ಲಕ್ಷದ ಆಸುಪಾಸು. ಠೇವಣಿಯೂ ಸೇರಿ ಅವರಿಗೆ ಬರಬೇಕಾದದ್ದು 31 ಲಕ್ಷ. ತಕರಾರು 6 ಲಕ್ಷದ್ದು, ನಿಂತದ್ದು 31 ಲಕ್ಷವೂ. ಫೈನಲ್ ಬಿಲ್ಲನ್ನು ಇಡಿಯಾಗಿಯೇ ಪಾಸು ಮಾಡಬೇಕು ಎಂಬ ಪದ್ಧತಿ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ತಕರಾರಿಲ್ಲದ ಭಾಗವನ್ನು ಬೇರ್ಪಡಿಸಿ ಕೊಟ್ಟುಬಿಡೋಣ ಎಂದು ನಾನಿದ್ದಾಗ ಒಬ್ಬರೂ ಹೇಳಿದ್ದು ನೆನಪಿಲ್ಲ. ನಾನೂ ಹೇಳಿಲ್ಲ.

ಜನ ಇದನ್ನೆಲ್ಲ ಕೇಳಿದ ಕೂಡಲೇ ಲಂಚದ ಮಾತು ಎತ್ತುತ್ತಾರೆ. ಇಲ್ಲವೆನ್ನಲಾರೆ. ಕಡತ ನಿಂತಷ್ಟೂ ಅದರ ಸುತ್ತ ನೊಣ ಕೂರುತ್ತವೆ. ಆದರೆ ಮೂವತ್ತು ವರ್ಷ ಒಳಗಿದ್ದು ನೋಡಿದ ನನಗೆ ಅದಕ್ಕಿಂತ ದೊಡ್ಡ ಕಾರಣವಾಗಿ ಕಾಣುವುದು ಹೆದರಿಕೆ. ರನ್ನಿಂಗ್ ಬಿಲ್ಲಿನಲ್ಲಿ ತಪ್ಪಿದ್ದರೆ ಮುಂದಿನ ಬಿಲ್ಲಿನಲ್ಲಿ ಸರಿ ಮಾಡಬಹುದು. ಫೈನಲ್ ಬಿಲ್ಲಿಗೆ ಮುಂದಿನ ಬಿಲ್ಲಿಲ್ಲ. ಸಹಿ ಬಿದ್ದ ಮೇಲೆ ಆಡಿಟ್ ಬರಬಹುದು, ಇಲಾಖಾ ವಿಚಾರಣೆ ಬರಬಹುದು, ಪಿಂಚಣಿಯೇ ತೂಗುಗತ್ತಿಯಲ್ಲಿ ನಿಲ್ಲಬಹುದು. ಕಡತಕ್ಕೆ ಒಂದು ಆಕ್ಷೇಪಣೆ ಬರೆದು ಕೆಳಗೆ ಕಳಿಸಿದವನಿಗೆ ನೋಟಿಸ್ ಬಂದದ್ದನ್ನು ನಾನು ನೋಡಿಲ್ಲ. ಸಹಿ ಹಾಕಿದವನಿಗೆ ಬಂದದ್ದನ್ನು ನೋಡಿದ್ದೇನೆ. ನಿವೃತ್ತಿಗೆ ಒಂದು ವರ್ಷ ಉಳಿದ ಎಂಜಿನಿಯರ್ ಯಾವುದನ್ನು ಆರಿಸಿಕೊಳ್ಳುತ್ತಾನೆ, ನೀವೇ ಹೇಳಿ.

ಗುತ್ತೇದಾರರದೂ ತಪ್ಪಿಲ್ಲವೆಂದಲ್ಲ. ಡಾಂಬರು ಬಿದ್ದ ಮರುದಿನವೇ ರೋಲರ್, ಪೇವರ್, ಆಳುಗಳನ್ನೆಲ್ಲ ಕಟ್ಟಿಕೊಂಡು ಬೀದರ್ ಕಡೆಯ ಮುಂದಿನ ಕೆಲಸಕ್ಕೆ ಹೊರಟುಬಿಡುತ್ತಾರೆ. ರಸ್ತೆಯ ಪಕ್ಕದ ಮುರುಮಿನ ಭುಜ, ಕಿಲೋಮೀಟರ್ ಕಲ್ಲು, ತಿರುವಿನ ಫಲಕ, ಬಿಳಿ ಪಟ್ಟಿ ಎಲ್ಲ ಹಾಗೆಯೇ. ಇವು ಒಟ್ಟು ಮೊತ್ತದಲ್ಲಿ ಚಿಲ್ಲರೆ, ಆದರೆ ಇವು ಆಗದೆ ಪೂರ್ಣಗೊಂಡ ಪ್ರಮಾಣಪತ್ರ ಕೊಡುವಂತಿಲ್ಲ. ಒಬ್ಬರಂತೂ ನಾಲ್ಕು ಫಲಕ ನೆಡಲು ಹದಿನಾಲ್ಕು ತಿಂಗಳು ತೆಗೆದುಕೊಂಡರು. ಜಲ್ಲಿ, ಮುರುಮು ತಂದ ಖನಿಜ ಪರ್ಮಿಟ್ಟುಗಳನ್ನು ಸರಿಯಾಗಿ ಇಟ್ಟುಕೊಂಡವರು ಅಪರೂಪ. ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಪರೀಕ್ಷೆಯ ವರದಿ ಕೇಳಿದರೆ ಮುನ್ಷಿಯ ಕಡೆ ಕೈ ತೋರಿಸುತ್ತಾರೆ, ಮುನ್ಷಿ ಕೆಲಸ ಬಿಟ್ಟು ಹೋಗಿರುತ್ತಾನೆ.

ಇನ್ನು ಅವಧಿ ವಿಸ್ತರಣೆಯ ಗೋಳು. ಕೆಲಸ ನಿಗದಿತ ದಿನಕ್ಕೆ ಮುಗಿದಿರುವುದಿಲ್ಲ: ಭೂಸ್ವಾಧೀನ, ಮರ ಕಡಿಯುವ ಅನುಮತಿ, ವಿದ್ಯುತ್ ಕಂಬ, ನೀರಿನ ಪೈಪು. ತಡ ಯಾರಿಂದ ಆಯಿತು ಎಂಬುದು ತೀರ್ಮಾನವಾಗದೆ ದಂಡ ಹಾಕಬೇಕೋ ಬಿಡಬೇಕೋ ತಿಳಿಯುವುದಿಲ್ಲ, ಅದು ತಿಳಿಯದೆ ಫೈನಲ್ ಬಿಲ್ಲು ಆಗುವುದಿಲ್ಲ. ಅಡಚಣೆ ರಿಜಿಸ್ಟರಿನಲ್ಲಿ ಆಯಾ ದಿನವೇ ಬರೆದಿಟ್ಟಿದ್ದರೆ ಇದು ಒಂದು ಗಂಟೆಯ ಕೆಲಸ. ನಾವು ಕೆಲಸ ಮುಗಿದ ಮೇಲೆ ಕೂತು, ಯಾವ ಕಂಬ ಯಾವ ತಿಂಗಳು ಕಿತ್ತರು ಎಂದು ನೆನಪು ಮಾಡಿಕೊಳ್ಳುತ್ತಿದ್ದೆವು.

"ಗುತ್ತೇದಾರನಿಗೆ ದುಡ್ಡು ಬಾರದಿದ್ದರೆ ನಮಗೇನು?" ಎಂದು ನನ್ನ ಅಳಿಯನೇ ಕೇಳಿದ. ಆಗುವುದು ಹೀಗೆ. ದೋಷ ಬಾಧ್ಯತೆಯ ಅವಧಿ ಎಂಬುದೊಂದಿದೆ. ಆ ಅವಧಿಯಲ್ಲಿ ಗುಂಡಿ ಬಿದ್ದರೆ ಕಟ್ಟಿದವರೇ ಸ್ವಂತ ಖರ್ಚಿನಲ್ಲಿ ಮುಚ್ಚಬೇಕು. ಅದರ ಎಣಿಕೆ ಪೂರ್ಣಗೊಂಡ ದಿನಾಂಕದಿಂದ. ಆ ದಿನಾಂಕವೇ ಕಾಗದದ ಮೇಲೆ ತೀರ್ಮಾನವಾಗದಿದ್ದರೆ? ಇಲಾಖೆ "ಗುಂಡಿ ಮುಚ್ಚು" ಎನ್ನುತ್ತದೆ, ಅವರು "ಬಿಲ್ಲು ಕೊಡಿ" ಎನ್ನುತ್ತಾರೆ. ನಡುವೆ ಮಳೆಗಾಲ ಬರುತ್ತದೆ, ರಾತ್ರಿ ಬೈಕಿನ ಮೇಲೆ ಊರಿಗೆ ಹೊರಟವನು ಬೀಳುತ್ತಾನೆ. ಮತ್ತೊಂದು ಸಂಗತಿ ಇಷ್ಟು ಬೇಗ ಕಣ್ಣಿಗೆ ಕಾಣದು. ಕೊನೆಯ ಕಂತು ವರ್ಷಗಟ್ಟಲೆ ಬರುವುದಿಲ್ಲ ಎಂದು ಗೊತ್ತಿದ್ದವರು ಅದರ ಬಡ್ಡಿಯನ್ನು ಮುಂದಿನ ಟೆಂಡರಿನ ದರದಲ್ಲೇ ಸೇರಿಸಿಬಿಡುತ್ತಾರೆ. ಬಡ್ಡಿ ತಾಳಲಾರದ ಸಣ್ಣವರು ಕಸುಬು ಬಿಟ್ಟು ಹೋಗುತ್ತಾರೆ. ನನ್ನ ಮನೆಗೆ ಬಂದ ಹಿರಿಯರ ಮಗ ಈಗ ರಸ್ತೆ ಕೆಲಸ ಮುಟ್ಟುವುದಿಲ್ಲ. ಹುಮನಾಬಾದಿನಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಹೈದರಾಬಾದ್‌, ಸೊಲ್ಲಾಪುರ ಎರಡೂ ಕಡೆಯ ಲಾರಿಗಳು ಬರುವ ಜಾಗ, ವ್ಯಾಪಾರ ಚೆನ್ನಾಗಿದೆಯಂತೆ.

ನಿಯಮಗಳಿಲ್ಲವೆಂದಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಯಲ್ಲಿ ರನ್ನಿಂಗ್ ಬಿಲ್ಲಿನ ಕನಿಷ್ಠ ಶೇ 75 ಭಾಗವನ್ನು 10 ಕೆಲಸದ ದಿನಗಳಲ್ಲಿ ಕೊಡಬೇಕು, ಪರಿಶೀಲನೆ ಮುಗಿಸಿ ಉಳಿದದ್ದನ್ನು 28 ಕೆಲಸದ ದಿನಗಳೊಳಗೆ ಕೊಡಬೇಕು, ಫೈನಲ್ ಬಿಲ್ಲನ್ನು ಕೆಲಸ ಮುಗಿದ ಮೂರು ತಿಂಗಳಲ್ಲಿ ಚುಕ್ತಾ ಮಾಡಬೇಕು ಎಂದಿದೆ. ಅದು ಕೇಂದ್ರದ ಕೆಲಸಗಳಿಗೆ. ಮೊದಲು ಕೊಟ್ಟು ಆಮೇಲೆ ತಾಳೆ ನೋಡುವ ಆ ಧಾಟಿ ನನಗೆ ಹಿಡಿಸಿತು. ಆದರೆ ಮೂರು ತಿಂಗಳ ಗಡುವು ಹಾಕಿದ ಮಾತ್ರಕ್ಕೆ 47ನೇ ಪುಟಕ್ಕೆ ಸಹಿ ಬೀಳುವುದಿಲ್ಲ. ಅದು ಬೀಳಬೇಕಾಗಿದ್ದು ಎರೆ ಕಿತ್ತ ವಾರದಲ್ಲೇ.

ನನಗೆ ಅಧಿಕಾರವಿದ್ದಿದ್ದರೆ ಒಂದು ಕೆಲಸವನ್ನು ಮೊದಲು ಮಾಡುತ್ತಿದ್ದೆ. ವರ್ಗಾವಣೆಯಾದ ಎಂಜಿನಿಯರ್ ತನ್ನ ಕೈಯಲ್ಲಿರುವ ಪ್ರತಿ ಕೆಲಸದ ಅಳತೆಯನ್ನು ಅಂದಿನವರೆಗೆ ಬರೆದು, ಬಂದವನನ್ನು ಸ್ಥಳಕ್ಕೆ ಕರೆದುಕೊಂಡು ಹೋಗಿ ತೋರಿಸಿ, ಇಬ್ಬರೂ ಸಹಿ ಮಾಡುವವರೆಗೆ ಅವನನ್ನು ಬಿಡುಗಡೆ ಮಾಡಬಾರದು. ಕಲಬುರಗಿ, ಯಾದಗಿರಿ, ಬೀದರ್ ಈ ನಮ್ಮ ಮೂರು ಜಿಲ್ಲೆಗಳಿಗೆ ಇದು ಬೇರೆಡೆಗಿಂತ ಹೆಚ್ಚು ಅಗತ್ಯ. ಇಲ್ಲಿಗೆ ಬರುವವರಲ್ಲಿ ಅರ್ಧ ಮಂದಿ ಬಂದ ದಿನದಿಂದಲೇ ಹೊರಡುವ ದಾರಿ ನೋಡುತ್ತಿರುತ್ತಾರೆ. ಬೇಸರವಾದರೆ ಆಗಲಿ, ಇದು ನಾನು ಕಂಡ ಮಾತು. ನೆಲದೊಳಗೆ ಹೋಗುವ ಯಾವ ಕೆಲಸಕ್ಕೂ ಮುಚ್ಚುವ ಮೊದಲು ಜಂಟಿ ಅಳತೆ ಆಗಲೇಬೇಕು. ಈಗ ಮೊಬೈಲಿನಲ್ಲಿ ಸ್ಥಳ, ಸಮಯ ಸಮೇತ ಫೋಟೊ ತೆಗೆಯಲು ಬರುತ್ತದೆ, ನೆಪ ಉಳಿದಿಲ್ಲ. ಹೆಚ್ಚುವರಿ ಕೆಲಸಕ್ಕೆ ಬಾಯಿಮಾತಿನ ಅನುಮತಿ ಕೊಟ್ಟವನು ಅದೇ ವಾರ ಬರೆದು ಕೊಡಬೇಕು. ಮತ್ತು ಆಕ್ಷೇಪಣೆ ಬರೆಯುವವರು ಇರುವುದನ್ನೆಲ್ಲ ಒಂದೇ ಸಲ ಬರೆಯಬೇಕು. ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದನ್ನು ಹೊಸದಾಗಿ ಹುಡುಕುವ ಆಟವನ್ನು ನಾನೂ ಆಡಿದ್ದೇನೆ, ಅದು ಎಷ್ಟು ಸುಲಭ ಎಂದು ನನಗೆ ಗೊತ್ತು.

ಮೊನ್ನೆ ಗುರುವಾರ ಅವರ ಜೊತೆ ಆ ರಸ್ತೆಗೆ ಹೋಗಿ ಬಂದೆ. ಮೋರಿ ಸಿಕ್ಕಿತು. ಬೇಲಿಗಂಟಿ ಬೆಳೆದಿದ್ದರೂ ಪೈಪು ಗಟ್ಟಿಯಾಗಿದೆ, ನೀರು ಹಾಯುತ್ತಿದೆ. ಟೇಪು ಹಿಡಿದು ಅಳೆದೆವು, ಪುಸ್ತಕದ ಅಳತೆಗೆ ಸರಿಹೋಯಿತು. ಎರೆ ಕಿತ್ತ ಜಾಗದಲ್ಲಿ ರಸ್ತೆ ಒಂದಿಷ್ಟೂ ಕುಸಿದಿಲ್ಲ. ಅಲ್ಲಿ ನಿಂತು ಆ ಹಿರಿಯರು ಬೂಟುಗಾಲಿನಿಂದ ಡಾಂಬರನ್ನು ಎರಡು ಸಲ ಒದ್ದು ನೋಡಿದರು, ಏನೂ ಹೇಳಲಿಲ್ಲ.

ಸ್ಥಳವನ್ನು ನಾನು ಆಗ ಪರಿಶೀಲಿಸಿದ್ದು ನಿಜ, ಸಹಿ ಮಾಡದೆ ಉಳಿಸಿದ್ದು ನನ್ನ ಲೋಪ ಎಂದು ಬರೆದು ಕೊಡಲು ಅಲ್ಲಿಂದಲೇ ಕಚೇರಿಗೆ ಹೋದೆವು. ಪತ್ರ ತೆಗೆದುಕೊಂಡರು, ಕುರ್ಚಿ ಹಾಕಿ ಕೂರಿಸಿ ಚಹಾ ಕೊಟ್ಟರು, ಬಹಳ ಮರ್ಯಾದೆಯಿಂದ ನಡೆಸಿಕೊಂಡರು. ಪರಿಶೀಲಿಸಿದ ದಿನಾಂಕವನ್ನು ದಾಖಲೆ ಸಮೇತ ತಿಳಿಸಿ ಎಂದರು. ಕೇಳಿದ್ದು ಸರಿಯಾಗಿಯೇ ಇದೆ. ಎರಡು ದಿನಗಳಿಂದ ಅಟ್ಟದ ಮೇಲಿನ ಟ್ರಂಕು ಇಳಿಸಿ ನನ್ನ ಹಳೆಯ ಪ್ರವಾಸದ ಡೈರಿಗಳನ್ನು ಹುಡುಕುತ್ತಿದ್ದೇನೆ. 2016ರದು ಸಿಕ್ಕಿದೆ, 2018ರದು ಸಿಕ್ಕಿದೆ.